ಚೀಟಿಯಲ್ಲಿ ಎರಡು ವಿಟಮಿನ್ ಡಿ, ಆದರೂ ಕಾಲಲ್ಲಿ ಬಲವಿಲ್ಲ

ಡಯಾಲಿಸಿಸ್‌ಗೆ ಹೋಗುವವರ ಔಷಧದ ಚೀಟಿಯನ್ನು ಬಿಡಿಸಿ ನೋಡಿದರೆ ಎಷ್ಟೋ ಸಲ ಅದರಲ್ಲಿ ವಿಟಮಿನ್ ಡಿ ಎರಡು ಕಡೆ ಕಾಣಿಸುತ್ತದೆ. ಒಂದು, ವಾರಕ್ಕೋ ತಿಂಗಳಿಗೋ ಒಮ್ಮೆ ಹಾಲಿಗೋ ನೀರಿಗೋ ಬೆರೆಸಿ ಕುಡಿಯುವ 60,000 ಯೂನಿಟ್‌ನ ಪುಡಿಯ ಪೊಟ್ಟಣ. ಇನ್ನೊಂದು, ಕ್ಯಾಲ್ಸಿಟ್ರಿಯಾಲ್ ಎಂಬ ಮೆತ್ತನೆಯ ಪುಟ್ಟ ಮಾತ್ರೆ, 0.25 ಮೈಕ್ರೋಗ್ರಾಂ. ನಲವತ್ತು ಯೂನಿಟ್ ಸೇರಿದರೆ ಒಂದು ಮೈಕ್ರೋಗ್ರಾಂ. ಹಾಗಾಗಿ ಪೊಟ್ಟಣದಲ್ಲಿರುವುದು 1,500 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದರ ಆರು ಸಾವಿರ ಪಟ್ಟು. ಮನೆಯವರು ತಬ್ಬಿಬ್ಬಾಗುವುದು ಸಹಜ. ಒಂದೇ ಔಷಧವನ್ನು ಎರಡು ಸಲ ಬರೆದಿದ್ದಾರೆಂದು ಮಾತ್ರೆಯನ್ನು ನಿಲ್ಲಿಸಿಬಿಡುವವರಿದ್ದಾರೆ. ಕಾಲಿಗೆ ಬೇಗ ಬಲ ಬರಲಿ ಎಂದು ಪೊಟ್ಟಣವನ್ನು ದಿನವೂ ಕುಡಿಸುವವರೂ ಇದ್ದಾರೆ. ಎರಡರಿಂದಲೂ ಕೇಡೇ.

ಹೆಸರು ಒಂದಾದರೂ ಈ ಎರಡು ವಸ್ತುಗಳ ನಡುವೆ ಇರುವ ಅಂತರ ಭತ್ತಕ್ಕೂ ಅನ್ನಕ್ಕೂ ಇರುವಷ್ಟು. ಬಿಸಿಲಿನ ಅತಿನೇರಳೆ ಕಿರಣ ತಾಗಿ ಚರ್ಮದಲ್ಲಿ ಹುಟ್ಟುವುದು, ಮೀನು ಮತ್ತು ಮೊಟ್ಟೆಯ ಹಳದಿಯಿಂದ ಬರುವುದು, ಪೊಟ್ಟಣದಲ್ಲಿರುವುದು ಎಲ್ಲವೂ ಭತ್ತ; ಅದರ ಹೆಸರು ಕೊಲೆಕ್ಯಾಲ್ಸಿಫೆರಾಲ್. ಪಿತ್ತಜನಕಾಂಗ ಅದನ್ನು ಅಕ್ಕಿ ಮಾಡುತ್ತದೆ. ಲ್ಯಾಬ್ ವರದಿಯಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂದು ಬರೆದಿರುವುದು ಇದನ್ನೇ. ಇದು ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ದೇಹದ ದಾಸ್ತಾನು ಎಷ್ಟಿದೆ ಎಂದು ಅಳೆಯಲು ಅನುಕೂಲ. ಆದರೆ ಕರುಳು, ಮೂಳೆಗಳ ಮೇಲೆ ನಿಜವಾಗಿ ಕೆಲಸ ಮಾಡುವುದು ಮೂರನೆಯ ರೂಪವಾದ ಕ್ಯಾಲ್ಸಿಟ್ರಿಯಾಲ್. ರಕ್ತದಲ್ಲಿ ಹರಿಯುವ ಕ್ಯಾಲ್ಸಿಟ್ರಿಯಾಲ್ ಬಹುಮಟ್ಟಿಗೆ ಸಿದ್ಧವಾಗುವುದು ಮೂತ್ರಪಿಂಡದಲ್ಲಿ. 1970ರಲ್ಲಿ ಕೇಂಬ್ರಿಡ್ಜ್‌ನ ಡೇವಿಡ್ ಫ್ರೇಸರ್ ಮತ್ತು ಎಗಾನ್ ಕೊಡಿಚೆಕ್ ಇದನ್ನು ತೋರಿಸಿಕೊಟ್ಟರು: ಮೂತ್ರಪಿಂಡ ತೆಗೆದ ಇಲಿಗಳಲ್ಲಿ ಈ ಕೊನೆಯ ರೂಪ ಹುಟ್ಟಲೇ ಇಲ್ಲ. ಮೂತ್ರಪಿಂಡ ಕೆಟ್ಟವರ ಮೂಳೆ ಹಾಳಾಗುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಪೀಕಿಂಗ್‌ನ ವೈದ್ಯರಾದ ಲಿಯು ಮತ್ತು ಚು 1940ರ ದಶಕದ ಆರಂಭದಲ್ಲಿಯೇ ಆ ಕಾಯಿಲೆಗೊಂದು ಹೆಸರು ಕೊಟ್ಟಿದ್ದರು. ಏಕೆ ಹಾಗಾಗುತ್ತದೆ ಎಂಬುದರ ಕೊಂಡಿ ಸಿಕ್ಕಿದ್ದು ಇಲಿಗಳ ಮೇಲಿನ ಆ ಪ್ರಯೋಗದಿಂದ.

ಮೂತ್ರಪಿಂಡ ಪೂರ್ತಿ ಸೋಲುವವರೆಗೂ ಈ ತೊಂದರೆ ಕಾಯುವುದಿಲ್ಲ. ಫಾಸ್ಫೇಟನ್ನು ಹೊರಹಾಕುವ ಶಕ್ತಿ ಕುಗ್ಗತೊಡಗಿದ ಕೂಡಲೇ ಮೂಳೆಯು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತದೆ. ಅದು ಉಳಿದಿರುವ ಮೂತ್ರಪಿಂಡಕ್ಕೆ ಎರಡು ಆಜ್ಞೆ ಕೊಡುತ್ತದೆ: ಫಾಸ್ಫೇಟನ್ನು ಮೂತ್ರಕ್ಕೆ ತಳ್ಳು, ಕ್ಯಾಲ್ಸಿಟ್ರಿಯಾಲ್ ತಯಾರಿಕೆಯನ್ನು ಕಡಿಮೆ ಮಾಡು. ಕ್ಯಾಲ್ಸಿಟ್ರಿಯಾಲ್ ಇಳಿದರೆ ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಹೀರುವುದು ಕಡಿಮೆಯಾಗುತ್ತದೆ. ರಕ್ತದ ಕ್ಯಾಲ್ಸಿಯಂ ತಗ್ಗಬಾರದೆಂದು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಎಂಬ ತಮ್ಮ ಹಾರ್ಮೋನನ್ನು ಏರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಕೀಳಲು ಶುರುಮಾಡುತ್ತವೆ. ಡಯಾಲಿಸಿಸ್ ಘಟಕದಲ್ಲಿ ಕೆಲವು ತಿಂಗಳಿಗೊಮ್ಮೆ ಪಿಟಿಎಚ್ ಪರೀಕ್ಷೆ ಬರೆದುಕೊಡುವುದು ಇದರ ಮೇಲೆ ಕಣ್ಣಿಡಲು. ಚೀಟಿಯ ಆ ಪುಟ್ಟ ಮಾತ್ರೆ ಅಲ್ಲಿರುವುದೂ ಮುಖ್ಯವಾಗಿ ಇದಕ್ಕೇ, ಪಿಟಿಎಚ್ ಹಿಡಿತ ತಪ್ಪದಿರಲಿ ಎಂದು. ಅದು ಕಾಲಿನ ಬಲಕ್ಕೆಂದು ಬರೆದ ಔಷಧವಲ್ಲ.

ಹಾಗಾದರೆ ಅನ್ನವನ್ನೇ ನೇರವಾಗಿ ಕೊಡುತ್ತಿರುವಾಗ ಭತ್ತವೇಕೆ? ಕ್ಯಾಲ್ಸಿಟ್ರಿಯಾಲ್ ತಯಾರಿಸುವ ಕಿಣ್ವ ಮೂತ್ರಪಿಂಡವಲ್ಲದೆ ಬೇರೆ ಕೆಲವು ಅಂಗಾಂಶಗಳಲ್ಲೂ ಅಲ್ಪಸ್ವಲ್ಪ ಇದೆ. ಅವು ತಮ್ಮ ಮಟ್ಟಿಗೆ ಬೇಕಾದಷ್ಟನ್ನು ಅಲ್ಲೇ ಮಾಡಿಕೊಳ್ಳುತ್ತವೆ. ಅದಕ್ಕೆ ದಾಸ್ತಾನು ಬೇಕು. ಆ ದಾಸ್ತಾನು ಡಯಾಲಿಸಿಸ್‌ನವರಲ್ಲಿ ಬಹಳ ಸಲ ತಳ ಕಂಡಿರುತ್ತದೆ. ಫಾಸ್ಫೇಟ್ ಏರುತ್ತದೆಂದು ಹಾಲು, ಮೊಟ್ಟೆಯ ಹಳದಿಗೆಲ್ಲ ಕಡಿವಾಣ ಬಿದ್ದಿರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ, ಅಥವಾ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿದ್ದರೆ, ವಿಟಮಿನ್ ಡಿಯನ್ನು ಹೊತ್ತೊಯ್ಯುವ ಪ್ರೋಟೀನಿನ ಜೊತೆ ವಿಟಮಿನ್ನೂ ಹೊರಗೆ ಹೋಗುತ್ತದೆ. ಬೆಂಗಳೂರು ಇರುವುದು 13ನೇ ಅಕ್ಷಾಂಶದಲ್ಲಿ, ಬಿಸಿಲಿಗೇನೂ ಬರವಿಲ್ಲ. ಆದರೆ ನಮ್ಮ ಕಪ್ಪು ಚರ್ಮಕ್ಕೆ ಹೆಚ್ಚು ಬಿಸಿಲು ಬೇಕು. ವಾರದಲ್ಲಿ ಎರಡು ಮೂರು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ನಾಲ್ಕು ತಾಸು ಮಲಗಿ, ಉಳಿದ ದಿನ ಸುಸ್ತಾಗಿ ಮನೆಯೊಳಗೇ ಇರುವವರಿಗೆ ಅದೆಲ್ಲಿ ಸಿಗಬೇಕು? ಅಂತರರಾಷ್ಟ್ರೀಯ ಮೂತ್ರಪಿಂಡ ಮಾರ್ಗಸೂಚಿ ಸಂಸ್ಥೆ ಕೆಡಿಗೋ 2017ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ: ಕೊರತೆ ಇದ್ದರೆ ಸಾಮಾನ್ಯ ಜನರಲ್ಲಿ ಸರಿಪಡಿಸುವಂತೆಯೇ ಇವರಲ್ಲೂ ಸರಿಪಡಿಸಿ.

ಇನ್ನು ಕಾಲಿನ ವಿಷಯ. ವಿಟಮಿನ್ ಡಿ ತೀರಾ ಕಡಿಮೆಯಾದಾಗ ಸ್ನಾಯು ಸೋಲುವುದಕ್ಕೆ ಒಂದು ಕ್ರಮವಿದೆ. ಅಂಗೈ, ಪಾದಗಳು ಮೊದಲು ಸೋಲುವುದಿಲ್ಲ. ಸೋಲುವುದು ಸೊಂಟ ಮತ್ತು ತೊಡೆ. ಡಬ್ಬಿಯ ಬಿಗಿ ಮುಚ್ಚಳ ತೆಗೆಯಬಲ್ಲವರಿಗೆ ತಗ್ಗಿನ ಕುರ್ಚಿಯಿಂದ ಏಳಲಾಗುವುದಿಲ್ಲ. ಅವರು ಏಳುವುದನ್ನು ಗಮನಿಸಿ ನೋಡಬೇಕು: ಮೊದಲು ಅಂಚಿಗೆ ಜರುಗುತ್ತಾರೆ, ಮುಂದಕ್ಕೆ ಬಾಗಿ ಎರಡೂ ಅಂಗೈಗಳನ್ನು ತೊಡೆಗೆ ಊರುತ್ತಾರೆ, ಒಂದೆರಡು ಬಾರಿ ತೂಗಿಕೊಂಡು ವೇಗ ತಂದುಕೊಳ್ಳುತ್ತಾರೆ, ಆಮೇಲೆ ತಮ್ಮನ್ನು ತಾವೇ ಮೇಲಕ್ಕೆ ತಳ್ಳಿಕೊಳ್ಳುತ್ತಾರೆ. ಎದ್ದ ಮೇಲೂ ಹೆಜ್ಜೆ ಇಡುವ ಮೊದಲು ಗೋಡೆಗೆ ಕೈ ಹೋಗುತ್ತದೆ. ನೆಲದ ಕಕ್ಕಸು ಇರುವ ಮನೆಗಳಲ್ಲಿ ಇದು ಇನ್ನೂ ಬೇಗ ಬಯಲಿಗೆ ಬರುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾಗಿದೆ ಎಂದು ಗೊಣಗುವುದೂ ಇದರದೇ ಲಕ್ಷಣವಾಗಿರಬಹುದು. ಮನೆಯವರು ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಸ್ನಾಯುವಿನೊಳಗೆ ಸ್ಥೂಲವಾಗಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ, ದಣಿಯದೆ ದುಡಿಯುವವು ಒಂದು ಬಗೆ. ಮಿಂಚಿನಂತೆ ಎದ್ದು ಬೇಗ ದಣಿಯುವವು ಇನ್ನೊಂದು. ವಿಟಮಿನ್ ಡಿ ಕೊರತೆಯಲ್ಲಿ ಸೊರಗುವುದು ಹೆಚ್ಚಾಗಿ ಈ ಎರಡನೆಯವು. ಹೊಸ್ತಿಲಿಗೆ ಕಾಲು ತಾಗಿ ಮುಗ್ಗರಿಸಿದಾಗ ಮರುಕ್ಷಣವೇ ಇನ್ನೊಂದು ಕಾಲನ್ನು ಮುಂದೆ ಹಾಕಿ ನಮ್ಮನ್ನು ಉಳಿಸುವುದು ಇವೇ ಎಳೆಗಳು. ಸಮತಟ್ಟಾದ ಹಾದಿಯಲ್ಲಿ ಚೆನ್ನಾಗಿಯೇ ನಡೆಯುವವರು ಮುಗ್ಗರಿಸಿದಾಗ ಸೀದಾ ಬಿದ್ದುಬಿಡುವುದಕ್ಕೆ ಇದೊಂದು ಕಾರಣ.

ವಿಟಮಿನ್ ಡಿ ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುತ್ತದೆಯೇ ಅಥವಾ ಕ್ಯಾಲ್ಸಿಯಂ, ಫಾಸ್ಫೇಟ್, ಪಿಟಿಎಚ್‌ಗಳ ಮೂಲಕವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ವಿಟಮಿನ್ ಡಿ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ವಿಸ್ಕಾನ್ಸಿನ್‌ನ ಹೆಕ್ಟರ್ ಡೆಲೂಕಾ ಅವರ ಪ್ರಯೋಗಾಲಯವೇ 2011ರಲ್ಲಿ ಬೆಳೆದ ಸ್ನಾಯುವಿನಲ್ಲಿ ಈ ವಿಟಮಿನ್ ಬಂದು ಅಂಟಿಕೊಳ್ಳುವ ಗ್ರಾಹಕ (ರಿಸೆಪ್ಟರ್) ತಮಗೆ ಕಾಣಲಿಲ್ಲ ಎಂದಿತು. ಅತ್ಯಲ್ಪ ಪ್ರಮಾಣದಲ್ಲಿ ಇದೆ ಎಂದು ಬೇರೆಯವರು ಹೇಳಿದರು. ರೋಗಿಗಳ ಮಟ್ಟದಲ್ಲಿ ನೋಡಿದರೆ, 1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯೊಂದು ಮೂತ್ರಪಿಂಡ ವೈಫಲ್ಯದ ಕೆಲವೇ ರೋಗಿಗಳಿಗೆ ಕ್ಯಾಲ್ಸಿಟ್ರಿಯಾಲ್ ಕೊಟ್ಟಾಗ ಸ್ನಾಯುವಿನ ನಿತ್ರಾಣ ಸುಧಾರಿಸಿದ್ದನ್ನು ದಾಖಲಿಸಿತು. ಆ ಕಾಲದ ರೋಗಿಗಳ ಕೊರತೆ ತೀವ್ರವಾಗಿತ್ತು ಎಂಬುದನ್ನು ಮರೆಯಬಾರದು. ತಳ ಕಂಡವರಿಗೆ ಕೊಟ್ಟಾಗ ಪವಾಡದಂತೆ ಕಾಣುವುದು, ಅಷ್ಟಿಷ್ಟು ಇರುವವರಿಗೆ ಕೊಟ್ಟಾಗಲೂ ಹಾಗೆಯೇ ಕಾಣಬೇಕೆಂದಿಲ್ಲ.

ಕಂಡೂ ಇಲ್ಲ. ವಿಟಮಿನ್ ಡಿ ಕಡಿಮೆ ಇರುವ ಡಯಾಲಿಸಿಸ್ ರೋಗಿಗಳ ಕಾಲು ದುರ್ಬಲವಾಗಿರುತ್ತದೆ, ಅವರು ಹೆಚ್ಚು ಬೀಳುತ್ತಾರೆ ಎಂಬ ನಂಟನ್ನು ಗುರುತಿಸಿದ ಅಧ್ಯಯನಗಳು ಇವೆ. ಆದರೆ ನಂಟು ಯಾವ ದಿಕ್ಕಿನದು? ಕಾಲಿಗೆ ಬಲವಿಲ್ಲದವರು ಅಂಗಳಕ್ಕೇ ಇಳಿಯುವುದಿಲ್ಲ, ಬಿಸಿಲು ಕಾಣುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ. ಅದರಿಂದಲೂ ವಿಟಮಿನ್ ಡಿ ಇಳಿಯುತ್ತದೆ. ಇದನ್ನು ಬಿಡಿಸಬೇಕಾದರೆ ಚೀಟಿ ಎತ್ತಿ, ಕೆಲವರಿಗೆ ಔಷಧ, ಕೆಲವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಹಾಗೆ ಮಾಡಿದರು, 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ದಾಸ್ತಾನು ಕಡಿಮೆ ಇದ್ದ 60 ಹಿಮೋಡಯಾಲಿಸಿಸ್ (ಯಂತ್ರದಲ್ಲಿ ರಕ್ತ ಶೋಧಿಸುವ ಡಯಾಲಿಸಿಸ್) ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ವಾರಕ್ಕೊಮ್ಮೆ 50,000 ಯೂನಿಟ್, ಆಮೇಲೆ ನಾಲ್ಕು ತಿಂಗಳು ತಿಂಗಳಿಗೊಮ್ಮೆ ಅಷ್ಟೇ. ರಕ್ತದ ವಿಟಮಿನ್ ಡಿ ಚೆನ್ನಾಗಿಯೇ ಏರಿತು. ಸ್ನಾಯುಬಲ, ಓಡಾಡುವ ಸಾಮರ್ಥ್ಯ, ಜೀವನದ ಗುಣಮಟ್ಟ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಆರು ತಿಂಗಳಿನದು. ಬೀಳುವುದನ್ನೇ ಎಣಿಸಲು ಇದಕ್ಕಿಂತ ಬಹಳ ದೊಡ್ಡದು ಬೇಕು. ಆದರೂ ವರದಿಯ ಸಂಖ್ಯೆ ಏರಿದ ಮಾತ್ರಕ್ಕೆ ಕಾಲು ಏಳುವುದಿಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು.

ಮೂತ್ರಪಿಂಡ ಚೆನ್ನಾಗಿರುವ ವೃದ್ಧರಲ್ಲಿ ನಡೆದ ದೊಡ್ಡ ಅಧ್ಯಯನಗಳ ಕತೆಯೂ ಹೀಗೆಯೇ. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಯೂನಿಟ್ ತೆಗೆದುಕೊಂಡವರು ಉಳಿದವರಿಗಿಂತ ಕಡಿಮೆಯೇನೂ ಬೀಳಲಿಲ್ಲ, ಅವರ ಮೂಳೆ ಮುರಿತವೂ ತಗ್ಗಲಿಲ್ಲ. ಅದಕ್ಕಿಂತ ಎಚ್ಚರ ಹುಟ್ಟಿಸುವವು ಇನ್ನೆರಡು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಆರಿಸಿ, ಕೆಲವರಿಗೆ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ 5 ಲಕ್ಷ ಯೂನಿಟ್ ಕೊಟ್ಟರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ ಔಷಧ ತೆಗೆದುಕೊಂಡವರೇ ಹೆಚ್ಚು ಬಿದ್ದಿದ್ದರು, ಹೆಚ್ಚು ಮೂಳೆ ಮುರಿದುಕೊಂಡಿದ್ದರು. 2016ರಲ್ಲಿ ಜ್ಯೂರಿಚ್‌ನಿಂದ ಬಂದದ್ದು ನಮ್ಮಲ್ಲಿ ಎಲ್ಲರೂ ಓದಬೇಕಾದ್ದು ಎಂದು ನನಗನಿಸುತ್ತದೆ. ಅಲ್ಲಿ ಹಿಂದೆ ಒಮ್ಮೆ ಬಿದ್ದಿದ್ದ 200 ವೃದ್ಧರಲ್ಲಿ ತಿಂಗಳಿಗೆ 24,000 ಯೂನಿಟ್ ಪಡೆದವರನ್ನು 60,000 ಯೂನಿಟ್ ಪಡೆದವರ ಜೊತೆ ಹೋಲಿಸಿದರು. ಒಂದು ವರ್ಷದಲ್ಲಿ ಮೊದಲ ಗುಂಪಿನಲ್ಲಿ ಶೇ 48ರಷ್ಟು ಜನ ಬಿದ್ದಿದ್ದರೆ, 60,000ದ ಗುಂಪಿನಲ್ಲಿ ಶೇ 67ರಷ್ಟು ಜನ ಬಿದ್ದಿದ್ದರು. ನಮ್ಮ ಔಷಧದಂಗಡಿಗಳಲ್ಲಿ ಚೀಟಿ ಕೇಳದೆಯೂ ಕೈಗೆ ಸಿಗುವ ಪೊಟ್ಟಣದ ಪ್ರಮಾಣ ಅದೇ. ಅವರು ಡಯಾಲಿಸಿಸ್ ರೋಗಿಗಳಾಗಿರಲಿಲ್ಲ, ನಿಜ. ಹಾಗೆಂದು ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. ಕೊರತೆ ತುಂಬಲು ವೈದ್ಯರು ಇಷ್ಟು ವಾರ ಎಂದು ಲೆಕ್ಕ ಹಾಕಿ ಬರೆದಿರುತ್ತಾರೆ. ಆ ಲೆಕ್ಕ ಮುಗಿದ ಮೇಲೂ ‘ವಿಟಮಿನ್ ತಾನೆ’ ಎಂದು ತಾವೇ ಮುಂದುವರಿಸುವುದು ಸರಿಯಲ್ಲ. ಕ್ಯಾಲ್ಸಿಟ್ರಿಯಾಲ್ ಮಾತ್ರೆಯ ವಿಷಯದಲ್ಲಂತೂ ಹೆಚ್ಚು ಜಾಗ್ರತೆ ಬೇಕು. ಅದು ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು ಕವಿಯುವುದು ಶುರುವಾಗುತ್ತದೆ. ದೀರ್ಘಕಾಲದಲ್ಲಿ ರಕ್ತನಾಳಗಳ ಗೋಡೆಗೆ ಸುಣ್ಣ ಕಟ್ಟುವುದಕ್ಕೂ ಇದು ದಾರಿ.

ಡಯಾಲಿಸಿಸ್‌ನವರು ಬೀಳುವುದು ಮಾತ್ರ ಸಣ್ಣ ಸಮಸ್ಯೆಯಲ್ಲ. ಟೊರಾಂಟೊದಲ್ಲಿ 65 ದಾಟಿದ 162 ಹಿಮೋಡಯಾಲಿಸಿಸ್ ರೋಗಿಗಳನ್ನು ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 47ರಷ್ಟು ಜನ ಬಿದ್ದರು. ಸರಾಸರಿಯಲ್ಲಿ ಒಬ್ಬೊಬ್ಬರು ವರ್ಷಕ್ಕೆ 1.6 ಬಾರಿ. ಸೊಂಟದ ಮೂಳೆ ಮುರಿಯುವ ಅಪಾಯ ಇವರಿಗೆ ಇತರರಿಗಿಂತ ಸುಮಾರು ನಾಲ್ಕು ಪಟ್ಟು. ಒಳಗಿನಿಂದ ಪಿಟಿಎಚ್ ಮೂಳೆಯನ್ನು ಕೊರೆಯುತ್ತಿರುತ್ತದೆ, ಹೊರಗಿನಿಂದ ಪೆಟ್ಟು ಬೀಳುತ್ತದೆ.

ಕಾಲಿನ ಸ್ನಾಯು ಕರಗುವುದಕ್ಕೆ ಮೂತ್ರಪಿಂಡ ವೈಫಲ್ಯದಲ್ಲಿ ವಿಟಮಿನ್ ಡಿ ಅಲ್ಲದೆ ಬೇರೆ ಕಾರಣಗಳೂ ಸಾಲುಗಟ್ಟಿವೆ. ರಕ್ತದಲ್ಲಿ ಆಮ್ಲ ಹೆಚ್ಚಾದಾಗ ದೇಹ ತನ್ನ ಸ್ನಾಯುವಿನ ಪ್ರೋಟೀನನ್ನು ತಾನೇ ಒಡೆಯುತ್ತದೆ. ಒಂದೊಂದು ಡಯಾಲಿಸಿಸ್‌ನಲ್ಲೂ ಕೆಲವು ಗ್ರಾಂ ಅಮೈನೊ ಆಮ್ಲ ಯಂತ್ರದ ನೀರಿಗೆ ಹೋಗುತ್ತದೆ. ಹಸಿವಿಲ್ಲ, ಬಾಯಿಗೆ ರುಚಿಯಿಲ್ಲ. ಇದರ ಮೇಲೆ ನಮ್ಮ ಮನೆಗಳದೇ ಒಂದು ತಪ್ಪು ಸೇರಿಕೊಳ್ಳುತ್ತದೆ. ಡಯಾಲಿಸಿಸ್‌ಗೆ ಮುಂಚೆ ‘ಬೇಳೆ, ಮೊಟ್ಟೆ, ಮಾಂಸ ಕಡಿಮೆ ಮಾಡಿ’ ಎಂದು ವೈದ್ಯರು ಹೇಳಿದ್ದು ಮನೆಯವರ ತಲೆಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗಿಹೋಗುತ್ತದೆ: ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಅನ್ನ ಮತ್ತು ತಿಳಿಸಾರಿನಲ್ಲಿ ಅದು ಮುಟ್ಟುವ ಮಾತೇ ಇಲ್ಲ. ಮೊಟ್ಟೆ ತಿನ್ನುವವರಿಗೆ ಬಿಳಿಭಾಗ ಒಳ್ಳೆಯದು, ಅದರಲ್ಲಿ ಫಾಸ್ಫೇಟ್ ಬಹಳ ಕಡಿಮೆ. ಸಸ್ಯಾಹಾರಿಗಳು ಪೊಟ್ಯಾಸಿಯಂ, ಫಾಸ್ಫೇಟ್ ಎರಡನ್ನೂ ನೋಡಿಕೊಂಡು ಹೋಗಬೇಕಾದ್ದರಿಂದ ಆಹಾರತಜ್ಞರ ಹತ್ತಿರ ಒಮ್ಮೆ ಕೂತು ಪಟ್ಟಿ ಮಾಡಿಸಿಕೊಳ್ಳುವುದೇ ಮೇಲು.

ಕಾಲು ಗಟ್ಟಿ ಇದ್ದವರೂ ಬೀಳುವ ಹೊತ್ತೊಂದಿದೆ. ಅದು ಯಂತ್ರದಿಂದ ಬಿಡಿಸಿಕೊಂಡು ಎದ್ದು ನಿಲ್ಲುವ ಹೊತ್ತು. ನಾಲ್ಕು ತಾಸಿನಲ್ಲಿ ಎರಡು ಮೂರು ಲೀಟರ್ ನೀರು ದೇಹದಿಂದ ಹೋಗಿರುತ್ತದೆ, ನಿಂತ ಕೂಡಲೇ ರಕ್ತದೊತ್ತಡ ಸರ್ರನೆ ಇಳಿಯುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಆಟೋ ಕಾಯುತ್ತಿದೆ, ಮುಂದಿನ ಪಾಳಿಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಏಳಬೇಕೆಂಬ ಆತುರ ಎಲ್ಲರಿಗೂ. ಕಾಲು ಇಳಿಬಿಟ್ಟು ಹಾಸಿಗೆಯಂಚಿನಲ್ಲಿ ಐದು ನಿಮಿಷ ಕೂತು, ನಿಂತಾಗಿನ ಬಿಪಿಯನ್ನೂ ನೋಡಿಸಿಕೊಂಡು ಹೊರಡುವುದಕ್ಕೆ ಯಾವ ಖರ್ಚೂ ಇಲ್ಲ. ಪದೇ ಪದೇ ಹೀಗಾಗುತ್ತಿದ್ದರೆ ‘ಒಣ ತೂಕ’ವನ್ನು, ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕವನ್ನು, ಮತ್ತೆ ಲೆಕ್ಕ ಹಾಕಬೇಕಾಗಿರಬಹುದು, ಬಿಪಿ ಮಾತ್ರೆಯ ಹೊತ್ತು ಬದಲಿಸಬೇಕಾಗಿರಬಹುದು. ಪ್ರಾಜೋಸಿನ್‌ನಂಥ ಮಾತ್ರೆ ನಿಂತಾಗ ಬಿಪಿ ಇಳಿಸುವುದರಲ್ಲಿ ಹೆಸರುವಾಸಿ. ಎರಡು ಡಯಾಲಿಸಿಸ್‌ಗಳ ನಡುವೆ ನೀರು ಹೆಚ್ಚು ಕುಡಿದರೆ ತೆಗೆಯಬೇಕಾದ ನೀರೂ ಹೆಚ್ಚು, ಇಳಿತವೂ ಹೆಚ್ಚು.

ಕಾಲುರಿ, ನವೆ, ರಾತ್ರಿ ಕಾಲು ಸೆಳೆತಕ್ಕೆಂದು ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇವು ದೇಹದಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಕೆಲಸ ಮಾಡದವರಲ್ಲಿ ಸಾಮಾನ್ಯ ಪ್ರಮಾಣವೂ ಜಮೆಯಾಗುತ್ತಾ ಹೋಗಿ ತೂಕಡಿಕೆ, ಓಲಾಟ ತರುತ್ತದೆ. ಹಿಮೋಡಯಾಲಿಸಿಸ್ ರೋಗಿಗಳಲ್ಲಿ ಈ ಮಾತ್ರೆಗಳಿಗೂ ಬೀಳುವುದು, ಮೂಳೆ ಮುರಿಯುವುದಕ್ಕೂ ನಂಟಿರುವುದನ್ನು ಅಮೆರಿಕದ ಅಧ್ಯಯನ ತೋರಿಸಿದೆ. ಮೂಳೆ ವೈದ್ಯರೋ ಊರಿನ ವೈದ್ಯರೋ ಬರೆದುಕೊಟ್ಟ ಇಂಥ ಮಾತ್ರೆಯನ್ನು ಡಯಾಲಿಸಿಸ್ ವೈದ್ಯರಿಗೆ ತೋರಿಸದೆ ನುಂಗಬಾರದು. ಬಲ ಬರಲಿ ಎಂದು ತೆಗೆದುಕೊಳ್ಳುವ ಪೊಟ್ಟಣಕ್ಕಿಂತ ಈ ಒಂದು ಮಾತ್ರೆಯ ಪ್ರಮಾಣ ಸರಿಪಡಿಸುವುದು ಕೆಲವರ ಪಾಲಿಗೆ ಹೆಚ್ಚು ಉಪಕಾರಿ. ಇವುಗಳ ಜೊತೆಗೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ, ಮಂಜಾದ ಕಣ್ಣು, ರಕ್ತಹೀನತೆ, ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗುವ ಅಭ್ಯಾಸ. ಇವು ಗೊತ್ತಿರುವ ಸಂಗತಿಗಳೇ. ಗೊತ್ತಿದ್ದೂ ಬಚ್ಚಲಿನ ಗೋಡೆಗೆ ಹಿಡಿಕೆ ಕೂಡಿಸಿದ ಮನೆಗಳು ಎಷ್ಟಿವೆ?

ಕಾಲಿನ ಬಲ ಹೆಚ್ಚಿಸುತ್ತದೆ ಎಂದು ಡಯಾಲಿಸಿಸ್ ರೋಗಿಗಳಲ್ಲೇ ಪರೀಕ್ಷಿಸಿ ತೋರಿಸಿರುವುದು ಕಾಲನ್ನು ದುಡಿಸುವುದು. ಇಟಲಿಯ ಎಕ್ಸೈಟ್ ಅಧ್ಯಯನದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮನೆಯಲ್ಲಿಯೇ ಮಾಡುವ ಸರಳ ನಡಿಗೆಯ ಅಭ್ಯಾಸ ಕೊಟ್ಟರು. ಆರು ತಿಂಗಳಲ್ಲಿ, ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಸರಾಸರಿ 328 ಮೀಟರ್‌ನಿಂದ 367 ಮೀಟರ್‌ಗೆ ಏರಿತು. ಕುರ್ಚಿಯಿಂದ ಎದ್ದು ಕೂರುವ ವೇಗವೂ ಹೆಚ್ಚಿತು. ಜರ್ಮನಿಯಲ್ಲಿ ಇನ್ನೂ ದೊಡ್ಡದಾಗಿ, ಡಯಾಲಿಸಿಸ್ ನಡೆಯುತ್ತಿರುವಾಗಲೇ ಮಲಗಿದಲ್ಲಿ ಪೆಡಲ್ ತುಳಿಸಿ, ಸ್ನಾಯುಬಲದ ವ್ಯಾಯಾಮ ಮಾಡಿಸಿದರು. 2023ರಲ್ಲಿ ಬಂದ ಫಲಿತಾಂಶ ಹೀಗಿದೆ: ಒಂದು ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕೂರುವ ಎಣಿಕೆ, ವ್ಯಾಯಾಮ ಮಾಡಿದವರಲ್ಲಿ ವರ್ಷದ ಕೊನೆಗೆ 16ರಿಂದ 19ಕ್ಕೆ ಏರಿತ್ತು, ಮಾಡದವರಲ್ಲಿ 16ರಿಂದ 15ರ ಕೆಳಗೆ ಇಳಿದಿತ್ತು. ಏನೂ ಮಾಡದೆ ಇದ್ದರೆ ಇದ್ದಷ್ಟೇ ಇರುತ್ತದೆ ಎಂದುಕೊಂಡವರು ಎರಡನೆಯ ಸಂಖ್ಯೆಯನ್ನು ನೋಡಬೇಕು.

ಮನೆಯಲ್ಲಿ ಅಳೆಯುವುದಕ್ಕೆ ಕೈಯಿರುವ ಗಟ್ಟಿ ಕುರ್ಚಿಯೊಂದು ಸಾಕು. ಅದನ್ನು ಗೋಡೆಗೆ ಒತ್ತಿಡಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಐದು ಸಲ ಎದ್ದು ಕೂರಲು ಎಷ್ಟು ಹೊತ್ತು ಬೇಕು ನೋಡಿ. ಹದಿನೈದು ಸೆಕೆಂಡ್ ಮೀರಿದರೆ ಕಾಲಿನ ಬಲ ಕಡಿಮೆ ಇದೆ ಎಂದರ್ಥ. ಕೈ ಊರದೆ ಏಳಲೇ ಆಗದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಅಭ್ಯಾಸವೂ ಅದೇ: ಡಯಾಲಿಸಿಸ್ ಇಲ್ಲದ ದಿನ, ಮೊದಲು ಕುರ್ಚಿಯ ಕೈ ಹಿಡಿದು ನಾಲ್ಕೈದು ಸಲ, ಆಮೇಲೆ ಹಿಡಿಯದೆ, ಆಮೇಲೆ ಎಣಿಕೆ ಹೆಚ್ಚಿಸುತ್ತಾ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಬಹುದು. ಎದೆನೋವು, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ವೈದ್ಯರ ಮುಂದೆ ಕೂತಾಗ ‘ವಿಟಮಿನ್ ಡಿ ಎಷ್ಟಿದೆ’ ಎಂದು ಕೇಳುವ ಜೊತೆಗೆ ಪಿಟಿಎಚ್, ಕ್ಯಾಲ್ಸಿಯಂ, ರಕ್ತದ ಆಮ್ಲದ ಸುಳಿವು ಕೊಡುವ ಬೈಕಾರ್ಬನೇಟ್ ಹೇಗಿವೆ, ನಿಂತಾಗಿನ ಬಿಪಿ ಎಷ್ಟು, ಯಾವ ಮಾತ್ರೆ ತೂಕಡಿಕೆ ತರುತ್ತಿದೆ ಎಂದೂ ಕೇಳಬೇಕು.

ಬಿದ್ದೇಬಿಟ್ಟರೆ, ಪೆಟ್ಟು ಕಾಣದಿದ್ದರೂ ಮುಂದಿನ ಡಯಾಲಿಸಿಸ್‌ನಲ್ಲಿ ಸೂಜಿ ಚುಚ್ಚುವ ಮೊದಲೇ ಹೇಳಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಯಂತ್ರದಲ್ಲಿ ಹೆಪಾರಿನ್ ಹಾಕುತ್ತಾರೆ. ಒಳಗೆಲ್ಲೋ ಗಾಯವಾಗಿದ್ದರೆ ಅದರಿಂದ ರಕ್ತಸ್ರಾವ ಹೆಚ್ಚುತ್ತದೆ, ಗೊತ್ತಿದ್ದರೆ ಅಂದು ಹೆಪಾರಿನ್ ಇಲ್ಲದೆಯೂ ನಡೆಸಬಹುದು. ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಕೂಡಿಸಿ ಮಾಡಿದ ಫಿಸ್ಟುಲಾ ಇರುವ ಕೈ ಅಡಿಗೆ ಸಿಕ್ಕಿದ್ದರೆ ಅಲ್ಲಿಯ ನಡುಕ ಮೊದಲಿನಂತೆಯೇ ಬೆರಳಿಗೆ ತಾಗುತ್ತಿದೆಯೇ ಎಂದು ಮುಟ್ಟಿ ನೋಡಬೇಕು. ತಾಗದಿದ್ದರೆ ಅಂದೇ ಆಸ್ಪತ್ರೆಗೆ. ತಲೆಗೆ ಏಟು ಬಿದ್ದು, ಆಮೇಲೆ ತಲೆನೋವು, ವಾಂತಿ, ಮಂಪರು, ಮಾತು ತೊದಲುವುದು ಏನೇ ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ಮುಂದಿನ ಡಯಾಲಿಸಿಸ್‌ವರೆಗಂತೂ ಕಾಯಲೇಬಾರದು.